ಇಮ್ಯುನಿಟಿ ಜಾಸ್ತಿಯಾದ್ರೆ ಕ್ಯಾನ್ಸರ್ ಬರಲ್ವಾ? ನೊಬೆಲ್ ಗೆದ್ದ ಸಕಾಗುಚಿ ಮತ್ತು ‘ಕುಮ್ಕಿ’ ಕೋಶಗಳ ಕಥೆ

ಸಕ್ರೆಬೈಲು: ‘ಇಮ್ಯುನಿಟಿ ಜಾಸ್ತಿ ಮಾಡ್ಕೊಂಡ್ರೆ ಕ್ಯಾನ್ಸರ್ ಹತ್ರಾನೂ ಬರಲ್ವಂತೆ, ಹೌದಾ?’ ಆನೆ ಬಿಡಾರದ ಹತ್ತಿರ ಟೀ ಕುಡಿಯುವಾಗ ಅಂಗಡಿಯವರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ಅಂಗಡಿಯಲ್ಲೇ ‘ಇಮ್ಯುನಿಟಿ ಪೌಡರ್’ ಡಬ್ಬಿ ಸಾಲಾಗಿ ಇತ್ತು. ಕೊರೊನಾ ಬಂದು ಹೋದ ಮೇಲೆ ಈ ಮಾತು ಎಲ್ಲ ಕಡೆ ಕೇಳುತ್ತೆ.

ಉತ್ತರ ಅಷ್ಟು ಸುಲಭ ಇಲ್ಲ. ನಮ್ಮ ರೋಗನಿರೋಧಕ ಶಕ್ತಿಗೆ ಜೋರು ಎಷ್ಟು ಮುಖ್ಯವೋ ಬ್ರೇಕ್ ಕೂಡ ಅಷ್ಟೇ ಮುಖ್ಯ. ಆ ಬ್ರೇಕ್ ಯಾವುದು ಅಂತ ಹುಡುಕಿದವರಿಗೇ 2025ರ ವೈದ್ಯಕೀಯ ನೊಬೆಲ್ ಬಂದಿದೆ. ಅವರಲ್ಲಿ ಒಬ್ಬರು ಜಪಾನಿನ ಶಿಮೊನ್ ಸಕಾಗುಚಿ. ಅವರು ಮಾಡಿದ ಕೆಲಸ ಏನು, ಕ್ಯಾನ್ಸರ್ ಚಿಕಿತ್ಸೆಗೂ ಅದಕ್ಕೂ ಏನು ಸಂಬಂಧ, ನಮ್ಮ ತಾಲೂಕಿನ ರೋಗಿಗೆ ಇದರಿಂದ ಏನು ಸಿಗುತ್ತೆ? ಒಂದೊಂದಾಗಿ ನೋಡೋಣ.

ಯಾರಿವರು? ಚುಟುಕು ಪರಿಚಯ

- ಹೆಸರು: ಶಿಮೊನ್ ಸಕಾಗುಚಿ
- ಹುಟ್ಟಿದ್ದು: 1951, ಜಪಾನಿನ ಶಿಗಾ ಪ್ರಾಂತ್ಯದ ನಾಗಹಾಮಾ
- ಓದು: ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ (1976)
- ಈಗ: ಒಸಾಕಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ
- ಕಂಡುಹಿಡಿದದ್ದು: ನಿಯಂತ್ರಕ ಟಿ ಕೋಶಗಳು
- ನೊಬೆಲ್: 2025, ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಜೊತೆ

ಟಿ ಕೋಶ ಅಂದ್ರೇನು?

ರಕ್ತದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ ಟಿ ಕೋಶ. ಎದೆಮೂಳೆಯ ಹಿಂದೆ ಇರುವ ಥೈಮಸ್ ಅನ್ನೋ ಗ್ರಂಥಿಯಲ್ಲಿ ಇವು ತಯಾರಾಗುತ್ತವೆ. ವೈರಸ್ ಸೇರಿಕೊಂಡ ಕೋಶ, ಕೆಟ್ಟುಹೋದ ಕೋಶಗಳನ್ನು ಗುರುತಿಸಿ ಕೊಲ್ಲುವುದು ಇವುಗಳ ಕೆಲಸ. ಆದರೆ ಕೆಲವು ಟಿ ಕೋಶಗಳು ನಮ್ಮದೇ ಮೈಯನ್ನು ಶತ್ರು ಅಂದ್ಕೊಂಡು ಮೇಲೆ ಬೀಳುತ್ತವೆ. ಅಂಥವನ್ನು ಥೈಮಸ್ ತನ್ನಲ್ಲೇ ಸೋಸಿ ನಾಶ ಮಾಡುತ್ತೆ. ಇಷ್ಟಕ್ಕೇ ಎಲ್ಲ ಮುಗಿಯಿತು ಅಂತ ವಿಜ್ಞಾನಿಗಳು ತುಂಬಾ ವರ್ಷ ನಂಬಿದ್ದರು. ಸಕಾಗುಚಿ ಒಪ್ಪಲಿಲ್ಲ.

ಮೂರು ದಿನದ ಇಲಿಮರಿ

ಸಕಾಗುಚಿ ವೈದ್ಯ ಪದವಿ ಮುಗಿಸಿ ಮುಂದಿನ ಓದಿಗೆ ಸೇರಿದ್ದರು. ಅದನ್ನು ಅರ್ಧಕ್ಕೆ ಬಿಟ್ಟು ನಾಗೋಯಾದ ಐಚಿ ಕ್ಯಾನ್ಸರ್ ಕೇಂದ್ರದ ಸಂಶೋಧನಾ ಸಂಸ್ಥೆಗೆ ಹೋದರು. (ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಈ ಸಾಲು ಓದಿ ಸ್ವಲ್ಪ ಖುಷಿ ಆಯ್ತು. ಆದರೆ ಅವರು ಮುಂದೆ ಕ್ಯೋಟೊದಿಂದಲೇ ಡಾಕ್ಟರೇಟ್ ಪಡೆದರು ಅನ್ನೋದನ್ನೂ ಹೇಳಬೇಕು.)

ಹೋಗಿದ್ದಕ್ಕೆ ಕಾರಣ ಒಂದು ಹಳೆಯ ಪ್ರಯೋಗ. ಅದೇ ಸಂಸ್ಥೆಯ ನಿಶಿಜುಕಾ ಮತ್ತು ಸಕಾಕುರಾ ಎಂಬ ವಿಜ್ಞಾನಿಗಳು 1969ರಲ್ಲಿ ವಿಚಿತ್ರ ಸಂಗತಿ ಪ್ರಕಟಿಸಿದ್ದರು. ಹುಟ್ಟಿ ಮೂರು ದಿನದ ಹೆಣ್ಣು ಇಲಿಮರಿಯ ಥೈಮಸ್ ತೆಗೆದರೆ ಅದರ ಅಂಡಾಶಯ ಹಾಳಾಗುತ್ತಿತ್ತು. ಟಿ ಕೋಶ ತಯಾರಾಗುವ ಜಾಗವನ್ನೇ ತೆಗೆದರೆ ದಾಳಿ ಕಡಿಮೆ ಆಗಬೇಕಲ್ವಾ? ಇಲ್ಲಿ ಉಲ್ಟಾ. ಇಲಿಯ ರೋಗನಿರೋಧಕ ಶಕ್ತಿ ಅದರ ಮೈಯನ್ನೇ ತಿನ್ನುತ್ತಿತ್ತು.

ಸಕಾಗುಚಿ ಇಂಥ ಇಲಿಗಳಿಗೆ ಅದೇ ತಳಿಯ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಚುಚ್ಚಿದರು. ಕಾಯಿಲೆ ಬರಲೇ ಇಲ್ಲ. 80ರ ದಶಕದ ಮೊದಲ ಭಾಗದಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಂದ್ರೆ ಟಿ ಕೋಶಗಳ ಗುಂಪಿನಲ್ಲೇ ಯಾವುದೋ ಒಂದು ಜಾತಿ ಬೇರೆ ಟಿ ಕೋಶಗಳನ್ನು ತಡೆದು ನಿಲ್ಲಿಸುತ್ತಿದೆ. ಮೂರನೇ ದಿನಕ್ಕೇ ಥೈಮಸ್ ತೆಗೆದ ಮರಿಗಳಲ್ಲಿ ಆ ತಡೆಯುವ ಜಾತಿ ಸಾಕಷ್ಟು ತಯಾರಾಗಿರಲಿಲ್ಲ.

ಬಿಡಾರದ ಕುಮ್ಕಿ ಆನೆಯ ಹಾಗೆ

ನಮ್ಮ ಸಕ್ರೆಬೈಲಿನವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ತೋಟಕ್ಕೆ ನುಗ್ಗಿದ ಕಾಡಾನೆಯನ್ನು ಹಿಡಿಯಲು ಅರಣ್ಯ ಇಲಾಖೆ ಏನು ಮಾಡುತ್ತೆ? ಬಿಡಾರದ ಕುಮ್ಕಿ ಆನೆಗಳನ್ನು ಕರೆದುಕೊಂಡು ಹೋಗುತ್ತೆ. ಆನೆಯನ್ನು ತಡೆಯೋದು ಆನೆಯೇ. ಟಿ ಕೋಶವನ್ನು ತಡೆಯೋದೂ ಇನ್ನೊಂದು ಟಿ ಕೋಶವೇ. ಅದಕ್ಕೇ ನಿಯಂತ್ರಕ ಟಿ ಕೋಶ ಅಂತ ಹೆಸರು.

ಆದರೆ ದೂರದಿಂದ ನೋಡಿದರೆ ಎಲ್ಲ ಆನೆಯೂ ಒಂದೇ ಥರ. ಕುಮ್ಕಿ ಯಾವುದು ಅಂತ ಗುರುತಿಸೋದು ಹೇಗೆ? ಸಕಾಗುಚಿಗೆ ಇದಕ್ಕೆ ಹತ್ತು ವರ್ಷದ ಮೇಲೆ ಹಿಡಿಯಿತು.

ಯಾರೂ ನಂಬದ ಕಾಲ

ತಡೆಯುವ ಟಿ ಕೋಶ ಇದೆ ಅಂತ 70ರ ದಶಕದಲ್ಲಿ ಬೇರೆ ವಿಜ್ಞಾನಿಗಳೂ ಹೇಳಿದ್ದರು. ಆದರೆ ಅವರು ಕೊಟ್ಟ ಕೆಲವು ಸಾಕ್ಷ್ಯಗಳು 80ರ ದಶಕದಲ್ಲಿ ಬಿದ್ದುಹೋದವು. ಅವರು ಹೇಳಿದ ಜೀನ್ ಆ ಜಾಗದಲ್ಲಿ ಇರಲೇ ಇಲ್ಲ. ಆಮೇಲೆ ಆ ವಿಷಯ ಎತ್ತಿದರೆ ಬೇರೆಯವರು ಮುಖ ತಿರುಗಿಸುವ ಪರಿಸ್ಥಿತಿ. ಹೆಚ್ಚಿನವರು ಕೈಬಿಟ್ಟರು. ಸಕಾಗುಚಿ ಬಿಡಲಿಲ್ಲ. ಅಮೆರಿಕಕ್ಕೆ ಹೋಗಿ ಜಾನ್ಸ್ ಹಾಪ್ಕಿನ್ಸ್, ಸ್ಟ್ಯಾನ್‌ಫರ್ಡ್, ಸ್ಕ್ರಿಪ್ಸ್ ಸಂಸ್ಥೆಗಳಲ್ಲಿ ಕೆಲಸ ಮಾಡಿ, 90ರ ದಶಕದ ಆರಂಭದಲ್ಲಿ ಜಪಾನಿಗೆ ವಾಪಸ್ ಬಂದರು. ಪತ್ನಿ ನೊರಿಕೊ ಕೂಡ ಸಂಶೋಧನೆಯಲ್ಲಿ ಜೊತೆಗಿದ್ದರು.

1995ರಲ್ಲಿ ಗುರುತು ಸಿಕ್ಕಿತು. ತಡೆಯುವ ಕೋಶಗಳ ಮೈಮೇಲೆ ಸಿಡಿ25 ಅನ್ನೋ ಪ್ರೋಟೀನ್ ಇತ್ತು. ಈ ಗುರುತಿನ ಕೋಶಗಳನ್ನು ತೆಗೆದು ಉಳಿದ ಟಿ ಕೋಶಗಳನ್ನು ಥೈಮಸ್ ಇಲ್ಲದ ಇಲಿಗೆ ಕೊಟ್ಟರೆ ಅದಕ್ಕೆ ಕಾಯಿಲೆ. ತೆಗೆದದ್ದನ್ನು ಜೊತೆಗೆ ಕೊಟ್ಟರೆ ಇಲಿ ಚೆನ್ನಾಗಿಯೇ ಇರುತ್ತಿತ್ತು.

ಮಾವುತ ಸಿಕ್ಕಿದ್ದು ಅಮೆರಿಕದಲ್ಲಿ

ಅಮೆರಿಕದ ಒಂದು ಔಷಧ ಕಂಪನಿಯಲ್ಲಿದ್ದ ಬ್ರಂಕೊ ಮತ್ತು ರಾಮ್ಸ್‌ಡೆಲ್ ಬೇರೆ ದಾರಿಯಲ್ಲಿ ಬರುತ್ತಿದ್ದರು. ಹುಟ್ಟಿನಿಂದಲೇ ಕಾಯಿಲೆ ಬಿದ್ದು ಬೇಗ ಸಾಯುವ ಗಂಡು ಇಲಿಗಳ ಒಂದು ತಳಿ ಇತ್ತು. ಅವುಗಳಲ್ಲಿ ಕೆಟ್ಟಿರುವ ಜೀನ್ ಫಾಕ್ಸ್‌ಪಿ3 ಅಂತ 2001ರಲ್ಲಿ ಇವರು ತೋರಿಸಿದರು. ಗಂಡುಮಕ್ಕಳಿಗೆ ಬರುವ ಐಪೆಕ್ಸ್ ಎಂಬ ಅಪರೂಪದ, ಗಂಭೀರ ಕಾಯಿಲೆಗೂ ಇದೇ ಜೀನ್ ಕಾರಣ ಅಂತ ಗೊತ್ತಾಯಿತು.

2003ರಲ್ಲಿ ಸಕಾಗುಚಿ ತಂಡ ಎರಡೂ ದಾರಿಗಳನ್ನು ಕೂಡಿಸಿತು. ಸಾಮಾನ್ಯ ಟಿ ಕೋಶಕ್ಕೆ ಫಾಕ್ಸ್‌ಪಿ3 ಜೀನ್ ಹಾಕಿದರೆ ಅದು ತಡೆಯುವ ಕೋಶದ ಹಾಗೆ ವರ್ತಿಸುತ್ತೆ! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಈ ಜೀನ್ ಮಾವುತ ಇದ್ದ ಹಾಗೆ. ಮಾವುತ ಇದ್ದರೆ ಕುಮ್ಕಿ, ಇಲ್ಲದಿದ್ದರೆ ಬರೀ ಆನೆ.

ಕ್ಯಾನ್ಸರ್ ಎಲ್ಲಿ ಬಂತು?

ಕ್ಯಾನ್ಸರ್ ಗಡ್ಡೆ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಮೈಯ ಕೋಶ ಕೆಟ್ಟು ಬೆಳೆದದ್ದು. ಹಾಗಾಗಿ ‘ನಮ್ಮವರ ಮೇಲೆ ಬೀಳಬೇಡ’ ಅಂತ ತಡೆಯುವ ನಿಯಂತ್ರಕ ಟಿ ಕೋಶಗಳು ಗಡ್ಡೆಯನ್ನೂ ಕಾಪಾಡಿಬಿಡುತ್ತವೆ. ಇನ್ನೂ ಕೆಟ್ಟದ್ದು ಅಂದ್ರೆ ಅನೇಕ ಗಡ್ಡೆಗಳು ಈ ಕೋಶಗಳನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ. ತೋಟ ಹಾಳು ಮಾಡುವವನೇ ಕುಮ್ಕಿಗಳನ್ನು ಸುತ್ತ ಕಾವಲಿಗೆ ಕಟ್ಟಿಕೊಂಡ ಹಾಗೆ.

1999ರಲ್ಲಿ ಸಕಾಗುಚಿ ತಂಡ ಇಲಿಗಳಲ್ಲಿ ಸಿಡಿ25 ಕೋಶಗಳನ್ನು ತೆಗೆದು ನೋಡಿತು. ಆಗ ಇಲಿಯ ಉಳಿದ ಟಿ ಕೋಶಗಳು ಗಡ್ಡೆಯ ಮೇಲೆ ದಾಳಿ ಮಾಡಿದವು. ಅಂದ್ರೆ ಶಕ್ತಿ ಮೊದಲೇ ಇತ್ತು. ಅಡ್ಡ ಇದ್ದದ್ದು ಬ್ರೇಕ್.

ಅಂಗಡಿಯವರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪೌಡರ್ ತಿಂದು ‘ಇಮ್ಯುನಿಟಿ’ ಏರಿಸಿ ಕ್ಯಾನ್ಸರ್ ಓಡಿಸೋಕೆ ಆಗಲ್ಲ. ಬ್ರೇಕ್ ಎಲ್ಲಿದೆ ಅಂತ ಡಬ್ಬಿಯೊಳಗಿನ ಪುಡಿಗೆ ಗೊತ್ತಿಲ್ಲ.

ಬ್ರೇಕ್ ಬಿಡಿಸುವ ಔಷಧ

ಟಿ ಕೋಶಗಳ ಮೇಲೆ ಸಿಟಿಎಲ್ಎ-4, ಪಿಡಿ-1 ಅನ್ನೋ ಎರಡು ಬ್ರೇಕ್ ಸ್ವಿಚ್ ಇವೆ. ಇವನ್ನು ತಡೆದು ಕ್ಯಾನ್ಸರ್‌ಗೆ ಚಿಕಿತ್ಸೆ ಮಾಡಬಹುದು ಅಂತ ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಕ್ಯೋಟೊದ ತಸುಕು ಹೊಂಜೊ ಅವರಿಗೆ 2018ರಲ್ಲೇ ನೊಬೆಲ್ ಬಂದಿತ್ತು. ನಿಯಂತ್ರಕ ಟಿ ಕೋಶಗಳ ಮೇಲೆ ಸಿಟಿಎಲ್ಎ-4 ಸದಾ ಇರುತ್ತೆ ಅಂತ ಸಕಾಗುಚಿ ತಂಡ 2000ದಲ್ಲಿ ತೋರಿಸಿತ್ತು. ಈ ಸಾಲಿನ ಔಷಧಗಳಲ್ಲಿ ಹೆಸರಾದದ್ದು ಇಪಿಲಿಮುಮಾಬ್, ನಿವೊಲುಮಾಬ್. ಕೀಮೋ ಔಷಧ ಕ್ಯಾನ್ಸರ್ ಕೋಶವನ್ನು ನೇರ ಹೊಡೆಯುತ್ತೆ. ಇವು ಹಾಗಲ್ಲ, ನಮ್ಮ ಟಿ ಕೋಶಗಳ ಕೈಕಟ್ಟು ಬಿಚ್ಚುತ್ತವೆ.

ನಮ್ಮ ಕಡೆಯವರಿಗೆ ಯಾಕೆ ಮುಖ್ಯ?

ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ. ತಂಬಾಕು, ಗುಟ್ಕಾ ಇದಕ್ಕೆ ದೊಡ್ಡ ಕಾರಣ. ಅಡಿಕೆ ಜಗಿಯುವುದೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿದೆ. ಅಡಿಕೆ ನಂಬಿ ಬದುಕುವ ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ವಿರೋಧ ಇದೆ. ಆದರೆ ಬಾಯಿ ಕ್ಯಾನ್ಸರ್ ಆದ ಮನೆಯವರಿಗೆ ಬೇಕಾದ್ದು ವಾದ ಅಲ್ಲ, ಚಿಕಿತ್ಸೆ.

ದೊಡ್ಡ ಅಡ್ಡಿ ದುಡ್ಡು. ಈ ಔಷಧಗಳು ತುಂಬಾ ದುಬಾರಿ. ಇಲ್ಲಿ ಒಂದು ಒಳ್ಳೆ ಸುದ್ದಿ ಬಂದದ್ದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಿಂದ. ತಲೆ-ಕತ್ತಿನ ಕ್ಯಾನ್ಸರ್ ಮುಂದುವರಿದ, ಪೂರ್ತಿ ಗುಣ ಮಾಡಲಾಗದ 151 ರೋಗಿಗಳ ಮೇಲೆ ಅಲ್ಲಿನ ವೈದ್ಯರು ಪ್ರಯೋಗ ಮಾಡಿದರು. ಅರ್ಧದಷ್ಟು ಜನರಿಗೆ ಕಡಿಮೆ ಖರ್ಚಿನ ಮಾತ್ರೆಗಳು ಮಾತ್ರ. ಉಳಿದವರಿಗೆ ಮಾತ್ರೆ ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್. ಸಾಮಾನ್ಯವಾಗಿ ಕೊಡುವ ಡೋಸ್ 240 ಮಿಲಿಗ್ರಾಂ, ಅದೂ ಎರಡು ವಾರಕ್ಕೊಮ್ಮೆ.

ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆ ಮಾತ್ರ ತಗೊಂಡವರಲ್ಲಿ ಶೇ 16.3, ಔಷಧವೂ ಸಿಕ್ಕವರಲ್ಲಿ ಶೇ 43.4. ಕಾಯಿಲೆ ವಾಸಿಯಾಯಿತು ಅಂತ ಇದರ ಅರ್ಥ ಅಲ್ಲ, ಆಯುಸ್ಸು ಮುಂದೆ ಹೋಯಿತು ಅಂತ. ಆದರೆ ಮನೆ ಮಾರದೆ ಅಷ್ಟು ಸಿಗೋದೂ ಚಿಕ್ಕ ವಿಷಯ ಅಲ್ಲ.

ಬ್ರೇಕ್ ಬಿಟ್ಟರೆ ಅಪಾಯವೂ ಇದೆ

ಆ ಮೂರು ದಿನದ ಇಲಿಮರಿಯನ್ನು ನೆನಪು ಮಾಡಿಕೊಳ್ಳಿ. ಬ್ರೇಕ್ ಇಲ್ಲದೆ ಅದರ ಮೈಯನ್ನೇ ಅದರ ಟಿ ಕೋಶ ತಿಂದಿತ್ತು. ಈ ಔಷಧ ತಗೊಂಡ ಮನುಷ್ಯರಿಗೂ ಹಾಗೆ ಆಗಬಹುದು. ಥೈರಾಯ್ಡ್, ಕರುಳು, ಶ್ವಾಸಕೋಶ, ಯಕೃತ್ತು, ಚರ್ಮ ಎಲ್ಲಿ ಬೇಕಾದರೂ ಉರಿಯೂತ ಬರಬಹುದು. ಬೇಗ ಗೊತ್ತಾದರೆ ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರುತ್ತಾರೆ, ತಡವಾದರೆ ಜೀವಕ್ಕೆ ಅಪಾಯ.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಇಮ್ಯುನೋಥೆರಪಿ ಸಲಹೆ ಕೊಟ್ಟಿದ್ದರೆ ಇಷ್ಟು ನೆನಪಿಡಿ:

- ಈ ಔಷಧ ಎಲ್ಲ ಕ್ಯಾನ್ಸರ್‌ಗೂ, ಎಲ್ಲ ರೋಗಿಗೂ ಕೆಲಸ ಮಾಡಲ್ಲ. ‘ನಮ್ಮ ಪೇಷಂಟ್‌ಗೆ ಎಷ್ಟು ಉಪಯೋಗ ಆಗಬಹುದು?’ ಅಂತ ನೇರ ಕೇಳಿ.
- ಸಂಧಿವಾತ, ಸೋರಿಯಾಸಿಸ್‌ನಂಥ ಕಾಯಿಲೆ ಮೊದಲೇ ಇದ್ದರೆ, ಕಿಡ್ನಿ ಕಸಿ ಆಗಿದ್ದರೆ ಡಾಕ್ಟರಿಗೆ ಮುಂಚೆಯೇ ಹೇಳಿ.
- ಔಷಧ ಶುರುವಾದ ಮೇಲೆ ಭೇದಿ, ದಮ್ಮು, ಹೊಸ ಕೆಮ್ಮು, ಅತಿಯಾದ ಸುಸ್ತು ಬಂದರೆ ಮೆಡಿಕಲ್‌ನಲ್ಲಿ ಮಾತ್ರೆ ತಗೊಂಡು ಸುಮ್ಮನಾಗಬೇಡಿ. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಆಗಲೇ ಫೋನ್ ಮಾಡಿ. ತಿಂಗಳುಗಳ ನಂತರವೂ ಇದು ಬರಬಹುದು.
- ಕಡಿಮೆ ಡೋಸ್ ಚಿಕಿತ್ಸೆ ತಮಗೆ ಹೊಂದುತ್ತಾ ಅಂತ ಕ್ಯಾನ್ಸರ್ ತಜ್ಞರನ್ನು ಕೇಳಲು ಸಂಕೋಚ ಬೇಡ. ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.
- ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಇವತ್ತೇ ತೋರಿಸಿ. ಮೊದಲ ಹಂತದಲ್ಲಿ ಸಿಕ್ಕಿದರೆ ಈ ದುಬಾರಿ ಔಷಧದ ತನಕ ಹೋಗುವ ಪ್ರಮೇಯವೇ ಬರದಿರಬಹುದು.

ಮುಂದೇನು?

ಗಡ್ಡೆಯೊಳಗಿನ ನಿಯಂತ್ರಕ ಟಿ ಕೋಶಗಳನ್ನು ಮಾತ್ರ ತೆಗೆದು, ಮೈಯ ಉಳಿದ ಕಡೆ ಇರುವವನ್ನು ಹಾಗೇ ಬಿಡುವ ಔಷಧಕ್ಕಾಗಿ ಹುಡುಕಾಟ ನಡೀತಿದೆ. ಉಲ್ಟಾ ಪ್ರಯತ್ನವೂ ಇದೆ. ಅಂಗಾಂಗ ಕಸಿ ಆದವರಿಗೆ, ಮೈಯೇ ಮೈಯನ್ನು ತಿನ್ನುವ ಕಾಯಿಲೆ ಇದ್ದವರಿಗೆ ಈ ಕೋಶಗಳನ್ನು ಹೆಚ್ಚಿಸಿ ಕೊಡುವ ಪ್ರಯೋಗಗಳು ನಡೀತಿವೆ.

ನೊಬೆಲ್ ಘೋಷಣೆಯಾದ 2025ರ ಅಕ್ಟೋಬರ್ 6ರಂದು ಸಕಾಗುಚಿಗೆ 74 ವರ್ಷ. ಇಲಿಮರಿಯ ಪ್ರಯೋಗದ ಬೆನ್ನು ಹತ್ತಿದಾಗ 30 ಕೂಡ ಆಗಿರಲಿಲ್ಲ. ಟೀ ಅಂಗಡಿಯವರಿಗೆ ಇಷ್ಟೂ ಹೇಳಿದೆ. ‘ಹಂಗಾದ್ರೆ ಈ ಡಬ್ಬಿ?’ ಅಂದ್ರು. ಮಾರೋದು ಬಿಡೋದು ನಿಮ್ಮಿಷ್ಟ ಅಣ್ಣ, ಆದರೆ ಬಾಯಿ ಹುಣ್ಣು ಅಂತ ಯಾರಾದ್ರೂ ಬಂದ್ರೆ ಪೌಡರ್ ಕೊಡಬೇಡಿ, ಆಸ್ಪತ್ರೆಗೆ ಕಳಿಸಿ ಅಂದೆ.