ತಾತ ಕನ್ನಡಕ ಇಲ್ದೆ ಓದಿದ ಪೇಪರು

ಹೋದ ವಾರ ಅಲ್ಲಾಳಸಂದ್ರದಲ್ಲಿ ಅಜ್ಜಿ ಮನೆ ಅಟ್ಟ ಕ್ಲೀನ್ ಮಾಡಕ್ಕೆ ಹೋಗಿದ್ವಿ ಕಣ್ರೇ. ತಗಡಿನ ಟ್ರಂಕು ತೆಗೆದ್ರೆ ಅಜ್ಜಿದು ಎರಡು ಸೀರೆ, ಒಂದು ಅಡಕತ್ತರಿ, ತಳದಲ್ಲಿ ಮಡಿಸಿಟ್ಟಿದ್ದ ಒಂದು ಹಳೇ ಪೇಪರು. ಪೇಪರಿನ ಹೆಸರಿದ್ದ ಜಾಗ ಗೆದ್ದಲು ತಿಂದುಬಿಟ್ಟೈತೆ. ತಾರೀಖು ಮಾತ್ರ ಉಳ್ಕೊಂಡೈತೆ: 1971ರ ಡಿಸೆಂಬರ್ 17, ಶುಕ್ರವಾರ. ನಮ್ಮಜ್ಜಿಗೆ ಓದೋಕೆ ಬರ್ತಿರ್ಲಿಲ್ಲ. ಓದೋಕೆ ಬರದೋರು ಐವತ್ತು ವರ್ಷ ಪೇಪರು ಯಾಕೆ ಎತ್ತಿಟ್ರು ಅಂತ ನನಗೆ ಕುತೂಹಲ.

ದಪ್ಪ ಅಕ್ಷರದಲ್ಲಿ ಇದ್ದಿದ್ದು ಡಾಕಾದ ಸುದ್ದಿ. ಹಿಂದಿನ ದಿನ, 16ನೇ ತಾರೀಖು ಗುರುವಾರ ಸಾಯಂಕಾಲ, ಪಾಕಿಸ್ತಾನದ ಜನರಲ್ ನಿಯಾಜಿ ನಮ್ಮ ಜನರಲ್ ಅರೋರಾ ಅವರ ಪಕ್ಕದಲ್ಲಿ ಕೂತು ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ರು. ಸಹಿ ಹಾಕಿದ್ದು ಎಲ್ಲಿ ಅಂತೀರಾ? ರೇಸ್ ಕೋರ್ಸಲ್ಲಿ! ನಮ್ಮ ಬೆಂಗಳೂರು ರೇಸ್ ಕೋರ್ಸಲ್ಲಿ ಎಷ್ಟೋ ಗಂಡಸ್ರು ಸಂಬಳ ಸೋತು ಮನೆಗೆ ಬಂದವ್ರೆ, ಅಲ್ಲಿ ಅರ್ಧ ದೇಶಾನೇ ಸೋತ್ರು. ಸೆರೆ ಸಿಕ್ಕಿದೋರು ಸುಮಾರು 93,000 ಜನ. ಅಷ್ಟು ಜನಕ್ಕೆ ಒಂದೊಂದು ಮುದ್ದೆ ಅಂದ್ರೂ ಯಾರಮ್ಮ ತೊಳೆಸೋದು!

ಇನ್ನೂ ಮಜಾ ಕೇಳಿ. ಇದನ್ನ ನನ್ನ ಮಗನಿಗೆ ತೋರಿಸ್ದೆ. ಅವ್ನು ಫೋನಲ್ಲಿ ಹುಡುಕಿ, ಅದೇ 17ನೇ ತಾರೀಖಿನ ಕರಾಚಿ ‘ಡಾನ್’ ಪೇಪರು ತೋರಿಸ್ದ. ಅದರ ದೊಡ್ಡ ಹೆಡ್ಡಿಂಗು ಏನು ಗೊತ್ತಾ? ಗೆಲ್ಲೋವರೆಗೂ ಯುದ್ಧ ಅಂತ! ಅವರ ಅಧ್ಯಕ್ಷ ಯಾಹ್ಯಾ ಖಾನ್ ಹಿಂದಿನ ರಾತ್ರಿ ರೇಡಿಯೋದಲ್ಲಿ ಮಾಡಿದ ಭಾಷಣ ಅದು. ಡಾಕಾ ಹೋಯ್ತು ಅನ್ನೋದು ಬೇರೆ ಸುದ್ದಿ. ಅದನ್ನೂ ಸೋತ್ವಿ ಅಂತ ಬರೆದಿಲ್ಲ, ಅಲ್ಲಿನ ಎರಡೂ ಕಡೆ ಕಮಾಂಡರುಗಳು ಒಂದು ಏರ್ಪಾಡು ಮಾಡ್ಕೊಂಡು ಕಾಳಗ ನಿಂತೈತೆ ಅಂತ ನಯವಾಗಿ ಹೇಳವ್ರೆ. ಸಾರು ಸೀದೋದಾಗ, “ಒಲೆಗೂ ಪಾತ್ರೆಗೂ ಒಂದು ಏರ್ಪಾಡಾಗಿ ಕುದಿ ನಿಂತೈತೆ ಕಣ್ರೀ” ಅಂತ ಗಂಡನಿಗೆ ಹೇಳಿದಂಗೆ. ಮೂರು ದಿನಕ್ಕೆ, 20ನೇ ತಾರೀಖು, ಯಾಹ್ಯಾ ಖಾನ್ ಕುರ್ಚಿ ಬಿಟ್ಟು ಭುಟ್ಟೋ ಕೈಗೆ ಕೊಟ್ಟಿದ್ದಾಯ್ತು.

ನಾನು ಬಿದ್ದು ಬಿದ್ದು ನಗ್ತಿದ್ದೆ. ಆಗ ಅಮ್ಮ, “ನಗಬೇಡ ಕಣೇ, ಅಂಥ ಪೇಪರು ನಮ್ಮನೇಲೂ ಬತ್ತಿತ್ತು” ಅಂದ್ಲು.

ಕಥೆ ಹಿಂಗೆ. ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ನಾನು ಅಮ್ಮನ ಹೊಟ್ಟೇಲಿ, ಅಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ಳು. ಸೋದರಮಾವ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು, ಅದೇ ನಮ್ಮ ಹಲಸೂರು ಕೆರೆ ಪಕ್ಕದ ಪಟಾಲಂ. ಅವರನ್ನ ಕಳಿಸಿದ್ದು ಡಾಕಾ ಕಡೆಗಲ್ಲ, ಪಶ್ಚಿಮದ ಗಡಿಗೆ, ನೆಲದಲ್ಲಿ ಹೂತಿಟ್ಟ ಬಾಂಬು ತೆಗೆಯೋ ಕೆಲಸಕ್ಕೆ. ಡಿಸೆಂಬರ್ 3ಕ್ಕೆ ಯುದ್ಧ ಶುರುವಾದ ಮೇಲೆ ಒಂದು ಕಾಗದ ಇಲ್ಲ. ಯಲಹಂಕದ ವಿಮಾನ ಊರ ಮೇಲೆ ಹೋದ್ರೆ ಸಾಕು, ಹೆಂಗಸ್ರು ರಾಗಿ ಕಣ ಬಿಟ್ಟು ಓಡಿ ಹಟ್ಟಿ ಸೇರ್ಕೊಳೋರಂತೆ. ಪಾಪ, ಅಲ್ಲಿ ಹಾರ್ತಿದ್ದಿದ್ದು ತರಬೇತಿ ಹುಡುಗ್ರು! ನಿಜವಾಗಿ ಯುದ್ಧಕ್ಕೆ ಹೋಗಿದ್ದು ನಮ್ಮೂರಿನ ಎಚ್ಎಎಲ್‌ನಲ್ಲಿ ಮಾಡಿದ ನ್ಯಾಟ್ ವಿಮಾನಗಳು. ನ್ಯಾಟ್ ಅಂದ್ರೆ ಗುಂಗುರು ಅಂತ ಅರ್ಥವಂತೆ. ಹೆಸರು ಗುಂಗುರು, ಕಚ್ಚಿದ್ರೆ ಕಣಜ.

ತಾತ ದಿನಾ ಬಳ್ಳಾರಿ ರೋಡಿನ ಟೀ ಹೋಟ್ಲಿಂದ ಪೇಪರು ತರೋರು. ಅಜ್ಜಿ ಅವರೆಕಾಯಿ ಸುಲೀತಾ, “ನಮ್ಮುಡುಗನ ಕಡೆ ಏನಂತೆ?” ಅನ್ನೋರು. ತಾತ ಪೇಪರು ಅಗಲಿಸಿ, “ಆ ಕಡೆ ಎಲ್ಲಾ ತಣ್ಣಗೈತಂತೆ, ಹುಡುಗ್ರು ಚೆನ್ನಾಗಿ ಉಣ್ತಾ ಅವ್ರಂತೆ, ಚಳಿಗೆ ಕಂಬಳಿ ಕೊಟ್ಟವ್ರಂತೆ” ಅಂತ ಓದೋರು. ದಿನಾ ಅದೇ. ಎರಡು ವಾರ ನಮ್ಮನೇಲಿ ಯುದ್ಧಾನೇ ನಡೀಲಿಲ್ಲ ಅಂದ್ಕೊಳಿ! ಅಜ್ಜಿ ತಲೆ ಆಡಿಸಿ ಬೇಳೆ ಹಿತುಕೋಕೆ ಕೂರೋರು.

17ರ ಬೆಳಗ್ಗೆ ಮಾತ್ರ ತಾತ ಗೂಡಲ್ಲಿದ್ದ ಕನ್ನಡಕ ಹಾಕ್ಕೊಂಡು, ಬೀದಿಗೆಲ್ಲಾ ಕೇಳೋ ಹಂಗೆ ಡಾಕಾ ಸುದ್ದಿ ಓದಿದ್ರಂತೆ. ಪಶ್ಚಿಮದ ಗಡೀಲೂ ಇವತ್ತು ರಾತ್ರಿ 8 ಗಂಟೆಗೆ ನಾವು ಗುಂಡು ಹಾರಿಸೋದು ನಿಲ್ಲಿಸ್ತೀವಿ ಅಂತ ಇಂದಿರಾ ಗಾಂಧಿ ಹೇಳಿದ್ದನ್ನೂ ಓದಿದ್ರು. ಎಲ್ರೂ ಚಪ್ಪಾಳೆ. ಅಜ್ಜಿ ಮಾತ್ರ ಮೊರ ಕೆಳಗಿಟ್ಟು, “ನಿಲ್ಲಿಸೋದೇ ಆದ್ರೆ ಈಗ್ಲೇ ನಿಲ್ಲಿಸಬಾರ್ದಾ? ರಾತ್ರಿ ಎಂಟರ ತನಕ ಯಾರ ಮಕ್ಕಳು ಸಾಯಬೇಕು?” ಅಂದ್ರಂತೆ. ಒಬ್ರೂ ಉಸಿರೆತ್ತಲಿಲ್ಲ.

ಅಜ್ಜಿ ಮಾತು ಎಷ್ಟು ನಿಜ ಅಂತ ನನಗೆ ಆಮೇಲೆ ಗೊತ್ತಾಯ್ತು. ಡಾಕಾದಲ್ಲಿ ಸಹಿ ಬಿದ್ದ ಅದೇ 16ನೇ ತಾರೀಖು, ಪಶ್ಚಿಮದ ಬಸಂತರ್ ಕಾಳಗದಲ್ಲಿ ಅರುಣ್ ಖೇತ್ರಪಾಲ್ ಅನ್ನೋ ಹುಡುಗ ಉರೀತಿದ್ದ ಟ್ಯಾಂಕು ಬಿಟ್ಟು ಇಳಿಯದೆ ಪ್ರಾಣ ಬಿಟ್ಟ. 21 ವರ್ಷ. ಪರಮವೀರ ಚಕ್ರ ಆಮೇಲೆ ಬಂತು. ಊರೆಲ್ಲಾ ಸ್ವೀಟು ಹಂಚೋ ದಿನ ಅವರಮ್ಮನಿಗೆ ಯಾವ ಹೆಡ್ಡಿಂಗು ಬೇಕಿತ್ತು ಹೇಳಿ.

ಅವತ್ತು ರಾತ್ರಿ ಅಜ್ಜಿ ತಾತನಿಗೆ ಮುದ್ದೆ ಬಡಿಸ್ತಾ ಮೆಲ್ಲಗೆ ಅಂದ್ರಂತೆ: “ಇಷ್ಟು ದಿನ ಕನ್ನಡಕ ಗೂಡಲ್ಲೇ ಇತ್ತು. ನೀವು ಏನು ಓದಿದ್ರೋ ನಂಗೊತ್ತು.” ತಾತ ತಲೆ ಎತ್ತಲಿಲ್ಲವಂತೆ. ಓದೋಕೆ ಬರದ ಅಜ್ಜಿ ಪೇಪರು ಓದ್ತಿರ್ಲಿಲ್ಲ, ತಾತನ್ನ ಓದ್ತಿದ್ರು. ಆದ್ರೂ ದಿನಾ ಕೇಳಿದ್ರು ಯಾಕೆ? ಸುಳ್ಳು ಹೇಳ್ತಾ ಹೇಳ್ತಾ ತಾತನಿಗಾದ್ರೂ ಸ್ವಲ್ಪ ಧೈರ್ಯ ಬರಲಿ ಅಂತ ಇರಬೇಕು.

ನಾನು ಹುಟ್ಟೋಕೆ ಒಂದು ವಾರ ಮುಂಚೆ ಮಾವನ ಕಾಗದ ಬಂತು. ಕೈಕಾಲು ನೆಟ್ಟಗವೆ, ಅವರೆಕಾಯಿ ಮುಗಿಯೋದ್ರೊಳಗೆ ರಜಾ ಸಿಕ್ಕಿದ್ರೆ ಬತ್ತೀನಿ, ಅಷ್ಟೇ. ಹೋದ ವಾರ ಆ ಪೇಪರಿನ ಮಡಿಕೆ ಬಿಚ್ಚಿದಾಗ ಒಳಗಿಂದ ಬಿದ್ದಿದ್ದು ಅದೇ ಕಾಗದ. ಅಜ್ಜಿ ಎತ್ತಿಟ್ಟಿದ್ದು ಪೇಪರನ್ನಲ್ಲ ಕಣ್ರೇ, ಕಾಗದಾನ. ಡಾಕಾ ಗೆದ್ದ ಸುದ್ದಿ ಅದಕ್ಕೆ ಸುತ್ತೋ ಕವರ್ ಆಗಿತ್ತು ಅಷ್ಟೇ.

ಯುಗಾದಿಗೆ ಅಟ್ಟ ತೆಗೆದಾಗ ಹಳೇ ಪೇಪರು ತೂಕಕ್ಕೆ ಹಾಕೋ ಮುಂಚೆ ಒಂದ್ಸಲ ಬಿಚ್ಚಿ ನೋಡ್ರಮ್ಮ. ಕೆಜಿಗೆ ಸಿಗೋ ದುಡ್ಡು ಎಲ್ಲಿಗೂ ಓಡೋಗಲ್ಲ.