‘ನಿರಾಶ್ರಿತ’ ಎಂಬ ಪದ

‘ನಿರಾಶ್ರಿತ’ ಪದದ ಬುಡದಲ್ಲಿರುವುದು ‘ಶ್ರಿ’ ಎಂಬ ಸಂಸ್ಕೃತ ಧಾತು. ಒರಗು, ಅವಲಂಬಿಸು ಎಂದು ಅದರ ಅರ್ಥ. ಒರಗಲು ಸಿಕ್ಕಿದ್ದು ಆಶ್ರಯ, ಒರಗಿದವನು ಆಶ್ರಿತ, ಅದಕ್ಕೂ ಎರವಾದವನು ನಿರಾಶ್ರಿತ. ಇಲ್ಲದ್ದನ್ನಷ್ಟೇ ಹೇಳುವ ಪದವಿದು. ಹೇಗೆ ಇಲ್ಲವಾಯಿತು, ಯಾರು ಕಿತ್ತುಕೊಂಡರು ಎಂಬುದು ಅದರೊಳಗಿಲ್ಲ. ಹಾಗಾಗಿಯೇ ಕನ್ನಡದಲ್ಲಿ ಅದರ ಹರವು ದೊಡ್ಡದು: ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ಕರೆತಂದು ಇರಿಸುವ ಸರ್ಕಾರಿ ತಾಣಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂದೇ ಹೆಸರು. ನೆರೆಗೋ ಅಣೆಕಟ್ಟಿಗೋ ಮನೆ ಕಳೆದುಕೊಂಡವರನ್ನು ಪತ್ರಿಕೆಗಳು ಹೆಚ್ಚಾಗಿ ‘ಸಂತ್ರಸ್ತರು’ ಎನ್ನುತ್ತವೆ. ಗಡಿ ದಾಟಿ ಓಡಿಬಂದವರಿಗೆ ‘ನಿರಾಶ್ರಿತರು’ ಗಟ್ಟಿಯಾಗಿ ನಿಂತಿದೆ.

ಕಾನೂನಿನ ವ್ಯಾಖ್ಯೆ ಇಷ್ಟು ಉದಾರವಲ್ಲ. ವಿಶ್ವಸಂಸ್ಥೆಯ 1951ರ ಒಡಂಬಡಿಕೆಯಂತೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯವಿರಬೇಕು, ಯುದ್ಧವೊಂದೇ ಸಾಲದು. ಯುದ್ಧದಿಂದ ಓಡಿಬಂದವರನ್ನೂ ಒಳಗೊಳ್ಳುವಂತೆ ಅದನ್ನು ಹಿಗ್ಗಿಸಿದವು ಆಫ್ರಿಕಾದ ದೇಶಗಳು, 1969ರಲ್ಲಿ. ಭಾರತ 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು 1 ಕೋಟಿ ಜನರಿಗೆ ಗಡಿ ತೆರೆಯಿತು.

ಆ ವರ್ಷದ ಕೊನೆಯಲ್ಲಿ ಅವರ ನೆರವಿಗೆಂದು ದೇಶದ ಟಪಾಲಿಗೆ 5 ಪೈಸೆಯ ಹೆಚ್ಚುವರಿ ಪರಿಹಾರ ಅಂಚೆಚೀಟಿ ಕಡ್ಡಾಯವಾಯಿತು. ಹಿಂದಿಯಲ್ಲಿ ಆ ಜನರ ಹೆಸರು ‘ಶರಣಾರ್ಥಿ’, ಅಂದರೆ ಶರಣು ಬೇಡುವವನು. ಕನ್ನಡಿಗರ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ. ‘ಶರಣು ಶರಣಾರ್ಥಿ’ ಇಲ್ಲಿ ಶರಣ ಪರಂಪರೆಯ ವಂದನೆ; ಹೇಳುವವರೂ ಕೇಳುವವರೂ ಅದರಲ್ಲಿ ಸಮಾನರು. ‘ನಿರಾಶ್ರಿತ’ದಲ್ಲಿ ಆ ಸಮಾನತೆಗೆ ಎಡೆಯಿಲ್ಲ. ನೆರವಿಗೆ ಹೋದ ಸ್ವಯಂಸೇವಕನಿಗೆ ಅದು ಚಾಚಿದ ಕೈಯನ್ನು ತೋರಿಸುತ್ತದೆ, ಕೆಲಸ ಬಲ್ಲ ಕೈಯನ್ನಲ್ಲ.

ಶಿಬಿರಗಳ ಅನುಭವ ಇದಕ್ಕೆ ವಿರುದ್ಧವಾಗಿದೆ, ಮತ್ತು ಬಂಗಾಂವ್‌ನಷ್ಟು ಸ್ಪಷ್ಟವಾಗಿ ಅದನ್ನು ತೋರಿಸಿದ ಜಾಗ ಕಡಿಮೆ. ಪಶ್ಚಿಮ ಬಂಗಾಳದ ಆ ಗಡಿ ಪಟ್ಟಣದಲ್ಲಿ 1971ರಲ್ಲಿ ಕಾಲರಾ ಹಬ್ಬಿತು. ರೋಗಿಗಳು ಆಸ್ಪತ್ರೆಯ ನೆಲದ ಮೇಲೆಲ್ಲ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬೀಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳೆದು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳ ನೀರಿನಲ್ಲಿ ಕರಗಿಸಿ ಇಟ್ಟರು. ನರ್ಸುಗಳು ಸಾಲದ ಕಡೆ ಅದನ್ನು ಲೋಟಗಳಲ್ಲಿ ಹಿಡಿದು ಕುಡಿಸಿದವರು ರೋಗಿಗಳ ಜೊತೆಗೇ ಓಡಿಬಂದಿದ್ದ ಅಮ್ಮಂದಿರು, ಅಣ್ಣತಮ್ಮಂದಿರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಪ್ರತಿ ಔಷಧಿ ಅಂಗಡಿಯಲ್ಲೂ ಸಿಗುವ ಓಆರ್‌ಎಸ್‌ಗೆ ಜಗತ್ತಿನ ನಂಬಿಕೆ ಗಳಿಸಿಕೊಟ್ಟವರಲ್ಲಿ ಈ ‘ನಿರಾಶ್ರಿತರೂ’ ಇದ್ದಾರೆ. ಸ್ವಯಂಸೇವೆಗೆ ಹೊರಡುವವರು ಮೊದಲು ತಿಳಿಯಬೇಕಾದ್ದು ಇದನ್ನೇ: ಶಿಬಿರದಲ್ಲಿ ದಾದಿಯರೂ ಮೇಷ್ಟರೂ ಅಡುಗೆಯವರೂ ಮೊದಲೇ ಇರುತ್ತಾರೆ. ಯಾರಿಗೆ ಏನು ಬರುತ್ತದೆಂದು ಕೇಳದೆ ಬಟ್ಟೆ ಹಂಚತೊಡಗುವುದು ಅವಸರದ ಕೆಲಸ.

ನೆಲೆ ಸಿಕ್ಕ ಮೇಲೂ ಹಳೆಯ ಹೆಸರು ಬೇಗ ಬಿಡುವುದಿಲ್ಲ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಕೊಟ್ಟ ಜಮೀನಿನಲ್ಲಿ ಕಾಡು ಕಡಿದು ಟಿಬೆಟನ್ನರು ಕಟ್ಟಿಕೊಂಡ ಬೈಲಕುಪ್ಪೆಯ ಊರುಗಳು ಸುತ್ತಲಿನವರಿಗೆ ಇಂದೂ ‘ಕ್ಯಾಂಪು’ಗಳೇ. ಪೂರ್ವ ಪಾಕಿಸ್ತಾನ ತೊರೆದು ಬಂದ ಬಂಗಾಳಿ ಕುಟುಂಬಗಳು ಸಿಂಧನೂರಿನ ಬಳಿ ಭತ್ತ ಬೆಳೆಯುವ ಊರುಗಳಿಗೂ ‘ಆರ್.ಎಚ್. ಕ್ಯಾಂಪ್’ (ಪುನರ್ವಸತಿ ಶಿಬಿರ) ಎಂದೇ ಹೆಸರು. ಮೊಮ್ಮಕ್ಕಳು ಹುಟ್ಟಿದ್ದೂ ಅಲ್ಲೇ.