'ಅಲ್ಲ' ಮತ್ತು 'ಇಲ್ಲ'ಗಳ ಹಳೆಯ ಚರಿತ್ರೆ



'ಈ ತೋಟ ನನ್ನದಲ್ಲ' ಎನ್ನುವುದೂ 'ನನಗೆ ತೋಟವಿಲ್ಲ' ಎನ್ನುವುದೂ ಒಂದೇ ಅಲ್ಲವೆಂದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲನೆಯದು 'ಇದು ಅದೇ' ಎಂಬುದನ್ನು ನಿರಾಕರಿಸುತ್ತದೆ, ಎರಡನೆಯದು ಇರುವಿಕೆಯನ್ನೇ. ಆದರೂ ನಮ್ಮ ಮನೆಗಳ ಕೆಲವು ಮಕ್ಕಳು 'ಅದು ನನ್ನ ಪುಸ್ತಕ ಇಲ್ಲ' ಎಂದು ಬರೆದು ಮಾರ್ಕು ಕಳೆದುಕೊಳ್ಳುತ್ತಾರೆ, ಕನ್ನಡ ಬಾರದವರೆನಿಸಿಕೊಳ್ಳುತ್ತಾರೆ. ಇದು ದಡ್ಡತನವೇ?

ಮನೆಮಾತು ಉರ್ದುವಾದರೆ ಕಾರಣ ಸ್ಪಷ್ಟ. 'ಯೆ ಮೇರಿ ಕಿತಾಬ್ ನಹೀಂ ಹೈ', 'ಮೇರೆ ಪಾಸ್ ಕಿತಾಬ್ ನಹೀಂ ಹೈ': ಎರಡಕ್ಕೂ ಅಲ್ಲಿ ಒಂದೇ 'ನಹೀಂ'. ಮಲಯಾಳ ಮಾತಾಡುವ ಮನೆಯ ಮಗುವಿಗೆ ಈ ತೊಡಕಿಲ್ಲ. ಅದರ ಭಾಷೆಯಲ್ಲೂ 'ಅಲ್ಲ', 'ಇಲ್ಲ' ಬೇರೆಬೇರೆ. ಕೊಡವ ತಕ್ಕ್‌ನಲ್ಲೂ 'ಅಲ್ಲ', 'ಇಲ್ಲೆ' ಎಂದು ಎರಡುಂಟು. ಬರೋ ಮತ್ತು ಎಮಿನೋ 1961ರಲ್ಲಿ ಪ್ರಕಟಿಸಿದ ದ್ರಾವಿಡ ಪದಮೂಲ ನಿಘಂಟಿನಲ್ಲಿ ಇವು ಎರಡು ಪ್ರತ್ಯೇಕ ಮೂಲಗಳು. ಹಳಗನ್ನಡ ಕಾವ್ಯಗಳ 'ಅಲ್ತು' ನಮ್ಮ 'ಅಲ್ಲ'ದ ಹಿರಿಯ ರೂಪ.

ಕುತೂಹಲದ ಸಂಗತಿ ಇನ್ನೊಂದಿದೆ. 'ಇದು ಪುಸ್ತಕ' ಎನ್ನಲು ಕನ್ನಡಕ್ಕೆ ಕ್ರಿಯಾಪದ ಬೇಡ. ನಿರಾಕರಿಸುವಾಗ ಮಾತ್ರ 'ಅಲ್ಲ' ಬರುತ್ತದೆ. ಅರಬ್ಬಿಯೂ ಹಾಗೆಯೇ! 'ಹಾದಾ ಕಿತಾಬುನ್' ಎಂಬಲ್ಲಿ ಕ್ರಿಯಾಪದವಿಲ್ಲ. ನಿರಾಕರಿಸಿದಾಗ 'ಲೈಸ ಹಾದಾ ಕಿತಾಬನ್' ಎಂದಾಗುತ್ತದೆ. ವೈಯಾಕರಣರು 'ಲೈಸ'ವನ್ನು 'ಕಾನ'ದ ಸೋದರಿಯರ ಸಾಲಿಗೆ ಸೇರಿಸಿದ್ದಾರೆ. 'ಉನ್' 'ಅನ್' ಆಗುವುದಷ್ಟೇ ಅಲ್ಲ, ಬರೆಯುವಾಗ ಕೊನೆಗೊಂದು ಅಲಿಫ್ ಕೂಡ ಬೇಕು. ಅಲಿಫ್ ಮರೆತು ಉಸ್ತಾದರಿಂದ ಗದರಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಫ್ರೆಂಚಿನದು ಇನ್ನೂ ವಿಚಿತ್ರ. ಹಿಂದೆ 'ನ' ಒಂದೇ ಸಾಕಿತ್ತು. ಒತ್ತು ಕೊಡಲು 'ಹೆಜ್ಜೆ' ಎಂಬರ್ಥದ 'ಪಾ' ಜೊತೆಗೂಡಿತು, 'ಒಂದು ಹೆಜ್ಜೆಯೂ ನಡೆಯೆ' ಎನ್ನುವ ಹಾಗೆ. ಈಗ 'ಇದು ಅದಲ್ಲ' ಎನ್ನಲು 'ಸ ನೆ ಪಾ' ಎನ್ನುತ್ತಾರೆ. ಬರವಣಿಗೆಯಲ್ಲಿ ಆ 'ನ'ದ ಸ್ವರ ಬಿದ್ದು ಅಲ್ಲೊಂದು ಲೋಪಚಿಹ್ನೆ ಬರುತ್ತದೆ. ಆಡುಮಾತಿನಲ್ಲಂತೂ 'ನ'ವೇ ಮಾಯವಾಗಿ 'ಸೆ ಪಾ' ಉಳಿದಿದೆ. ನಿರಾಕರಣೆಯ ಪದ ಹೋಗಿ, ಹೆಜ್ಜೆ ಅದರ ಗದ್ದುಗೆ ಏರಿತು! ಭಾಷೆಗಳಲ್ಲಿ ಇಂಥ ಚಕ್ರ ಮತ್ತೆ ಮತ್ತೆ ಉರುಳುವುದನ್ನು ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ಸನ್ 1917ರಲ್ಲಿ ವಿವರಿಸಿದರು.

ಆದ್ದರಿಂದ ಉರ್ದು ಮನೆಯ ಮಗುವನ್ನು ಗದರಿಸುವ ಬದಲು ಜೋಡಿಪದಗಳನ್ನು ಕಲಿಸಿ ನೋಡಿ. 'ಹೌದು' ಎನ್ನಬಹುದಾದ ಕಡೆ 'ಅಲ್ಲ'. ನಾವು 'ಉಂಟು' ಎನ್ನುವ ಕಡೆ 'ಇಲ್ಲ'. 'ಇದು ನಿನ್ನ ಕೊಡೆಯೇ?' 'ಅಲ್ಲ.' 'ಕೊಡೆ ಉಂಟೇ?' 'ಇಲ್ಲ.' ಜೂನ್ ತಿಂಗಳ ಮಡಿಕೇರಿಯಲ್ಲಿ ಈ ಎರಡನೆಯ ಉತ್ತರ ಕೊಡುವ ಮಗು ನೆನೆದುಕೊಂಡೇ ಮನೆ ಸೇರಬೇಕಾದೀತು.